ಭೂಮಿಗೆ ಹೊದಿಸಿದ ಕೌದಿ



ಈ ತಿಂಗಳ ಗೋಷ್ಠಿಗೆ ಪೂಜ್ಯರು ಕೊಟ್ಟ ವಿಷಯ 'ಹಸಿರುಮನೆ ಪರಿಣಾಮ'. ಮಠದ ವೇದಿಕೆಯಲ್ಲಿ ಈ ವಿಷಯವೇಕೆ ಎಂದು ಕೆಲವರಿಗೆ ಅನಿಸಿರಬಹುದು. ಆದರೆ ಇಲ್ಲಿ ಕುಳಿತವರಲ್ಲಿ ಹೊಲ-ಮನೆ ಉಳ್ಳವರೇ ಹೆಚ್ಚು. 'ಮಳೆ ಮೊದಲಿನ ಹಾಗಿಲ್ಲ' ಎಂಬ ಮಾತನ್ನು ಆಡದವರು ನಮ್ಮಲ್ಲಿ ಯಾರೂ ಇಲ್ಲ. ಏಕೆ ಮೊದಲಿನ ಹಾಗಿಲ್ಲ ಎಂದು ಕೇಳಿದರೆ ಮಾತ್ರ ಉತ್ತರ ಹತ್ತು ದಿಕ್ಕಿಗೆ ಹೋಗುತ್ತದೆ. ಒಬ್ಬರು ಕಲಿಗಾಲ ಎನ್ನುತ್ತಾರೆ. ಇನ್ನೊಬ್ಬರು, ಇದೆಲ್ಲ ನಮ್ಮ ದೇಶ ಮುಂದೆ ಬರಬಾರದೆಂದು ಹೊರಗಿನವರು ಕಟ್ಟಿದ ಕಥೆ ಎನ್ನುತ್ತಾರೆ. ಸ್ವಲ್ಪ ಓದಿದವರು, ಗಾಳಿಯಲ್ಲಿ ಆ ಅನಿಲ ಇರುವುದೇ ನೂರಕ್ಕೆ 0.04 ಭಾಗ, ಅಷ್ಟರಿಂದ ಏನಾದೀತು ಎಂದು ಕೇಳುತ್ತಾರೆ. ಈ ಮೂರನೆಯದು ಒಳ್ಳೆಯ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ. ಬರ ಬಂದ ವರ್ಷ ಕಪ್ಪೆಗೆ ಮದುವೆ, ಕತ್ತೆಗೆ ಮದುವೆ ಮಾಡಿ ಮೆರವಣಿಗೆ ಹೊರಡಿಸುವವರೂ ನಮ್ಮ ನಡುವೆ ಇದ್ದಾರೆ. ಅವರಿಗೆ ಉತ್ತರ ಕೊಡುವ ಕೆಲಸವನ್ನು ಈ ವೇದಿಕೆ ಬಹಳ ವರ್ಷಗಳಿಂದ ಮಾಡುತ್ತಲೇ ಬಂದಿದೆ.

ನಾನು ಹವಾಮಾನ ಶಾಸ್ತ್ರಜ್ಞನಲ್ಲ. ಕೆರೆ, ಕಾಲುವೆ, ಸಣ್ಣ ಸೇತುವೆಗಳ ಕೆಲಸದಲ್ಲಿ ಸರ್ಕಾರಿ ನೌಕರಿ ಮುಗಿಸಿದ ಎಂಜಿನಿಯರ್. ಆದ್ದರಿಂದ ಲೆಕ್ಕಕ್ಕೆ ಸಿಗುವುದನ್ನಷ್ಟೇ ಹೇಳುತ್ತೇನೆ. ಈ ವಿಷಯದ ಒಂದು ಒಳ್ಳೆಯ ಗುಣವೆಂದರೆ ಅದು ನಮ್ಮಿಂದ ನಂಬಿಕೆಯನ್ನು ಬೇಡುವುದಿಲ್ಲ. ಅಳೆದು ನೋಡಿ ಎನ್ನುತ್ತದೆ.

ಮೊದಲು ನಿಮಗೆಲ್ಲ ಗೊತ್ತಿರುವ ಸಂಗತಿ. ಡಿಸೆಂಬರ್ ತಿಂಗಳಲ್ಲಿ ಆಕಾಶ ನಿಚ್ಚಳವಾಗಿದ್ದ ರಾತ್ರಿ ಚಳಿ ಹೆಚ್ಚು, ಬೆಳಿಗ್ಗೆ ಕಡಲೆ ಹೊಲದ ತುಂಬ ಇಬ್ಬನಿ. ಅದೇ ಮೋಡ ಕವಿದ ರಾತ್ರಿ ಚಳಿ ಕಡಿಮೆ, ಕೆಲವೊಮ್ಮೆ ಧಗೆಯೇ. ಎರಡೂ ರಾತ್ರಿ ಸೂರ್ಯನಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಹಗಲು ಕಾದ ನೆಲ ರಾತ್ರಿಯಿಡೀ ತನ್ನ ಶಾಖವನ್ನು ಮೇಲಕ್ಕೆ ಸೂಸುತ್ತಿರುತ್ತದೆ. ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ. ಇನ್‌ಫ್ರಾರೆಡ್ ಎನ್ನುತ್ತಾರೆ, ನಾವು ಶಾಖದ ಕಿರಣ ಎನ್ನೋಣ. ಆರಿದ ಒಲೆಯ ಮುಂದೆ ಅಂಗೈ ಹಿಡಿದರೆ ತಾಕುವುದೂ ಅದೇ. ಮೋಡವಿಲ್ಲದಿದ್ದರೆ ಆ ಶಾಖದಲ್ಲಿ ಬಹಳಷ್ಟು ಆಕಾಶಕ್ಕೆ ಹೊರಟುಹೋಗುತ್ತದೆ. ಮೋಡವಿದ್ದರೆ ಅದು ಹೀರಿಕೊಂಡು ಒಂದು ಪಾಲನ್ನು ಮತ್ತೆ ಕೆಳಕ್ಕೆ ಸೂಸುತ್ತದೆ. ಮೋಡ ಶಾಖವನ್ನು ಹುಟ್ಟಿಸುವುದಿಲ್ಲ. ನಮ್ಮ ಕೌದಿಯೂ ಹುಟ್ಟಿಸುವುದಿಲ್ಲ; ಮೈಯ ಶಾಖ ಹೋಗುವುದನ್ನು ನಿಧಾನ ಮಾಡುತ್ತದೆ, ಅಷ್ಟೇ.

ಹೀಗೆ ಭೂಮಿಗೆ ಒಂದು ಕೌದಿ ಯಾವಾಗಲೂ ಇದೆ, ಮೋಡವಿಲ್ಲದ ದಿನವೂ ಇದೆ. ಅದು ಎಷ್ಟು ದಪ್ಪ ಎಂಬುದನ್ನು ಲೆಕ್ಕ ಹಾಕಬಹುದು. ಹಗಲು-ರಾತ್ರಿ, ಧ್ರುವ-ಸಮಭಾಜಕ ಎಲ್ಲ ಸೇರಿಸಿ ಸರಾಸರಿ ತೆಗೆದರೆ ಸೂರ್ಯನಿಂದ ಭೂಮಿಯ ಪ್ರತಿ ಚದರ ಮೀಟರಿಗೆ ಸುಮಾರು 340 ವ್ಯಾಟ್ ಬರುತ್ತದೆ. ಅದರಲ್ಲಿ 100ರಷ್ಟನ್ನು ಮೋಡ, ಹಿಮ, ಮರಳು ಕನ್ನಡಿಯಂತೆ ಹಿಂದಕ್ಕೆ ಕಳಿಸುತ್ತವೆ. ಉಳಿದದ್ದು 240. ಬಂದಷ್ಟೇ ಹೋಗಬೇಕು, ಇಲ್ಲದಿದ್ದರೆ ಭೂಮಿ ಕಾಯುತ್ತಲೇ ಹೋದೀತು. ಒಂದು ವಸ್ತು ಚದರ ಮೀಟರಿಗೆ 240 ವ್ಯಾಟ್ ಸೂಸಬೇಕಾದರೆ ಅದರ ಉಷ್ಣತೆ ಎಷ್ಟಿರಬೇಕು ಎಂಬ ಸೂತ್ರವನ್ನು ಪದವಿಯಲ್ಲಿ ನಾವೆಲ್ಲ ಕಲಿತಿದ್ದೇವೆ. ಉತ್ತರ, ಸೊನ್ನೆಗಿಂತ ಕೆಳಗೆ 18 ಡಿಗ್ರಿ ಸೆಲ್ಸಿಯಸ್. ನಿಜವಾಗಿ ಭೂಮಿಯ ಮೇಲ್ಮೈಯ ಸರಾಸರಿ ಉಷ್ಣತೆ ಸುಮಾರು 15 ಡಿಗ್ರಿ. ನಡುವಿನ ಈ 33 ಡಿಗ್ರಿಯೇ ಹಸಿರುಮನೆ ಪರಿಣಾಮ. ಅದಿಲ್ಲದಿದ್ದರೆ ಕಾವೇರಿ, ಕೃಷ್ಣೆ ಎಲ್ಲ ಮಂಜುಗಡ್ಡೆ. ಚಂದ್ರ ಸೂರ್ಯನಿಂದ ನಮ್ಮಷ್ಟೇ ದೂರದಲ್ಲಿದ್ದಾನೆ, ಆದರೆ ಅವನಿಗೆ ಗಾಳಿಯ ಹೊದಿಕೆಯಿಲ್ಲ. ಅಲ್ಲಿ ಹಗಲು ನೆಲದ ಉಷ್ಣತೆ 100 ಡಿಗ್ರಿ ದಾಟುತ್ತದೆ, ರಾತ್ರಿ ಸೊನ್ನೆಗಿಂತ 130 ಡಿಗ್ರಿಗೂ ಕೆಳಗಿಳಿಯುತ್ತದೆ. ಆದ್ದರಿಂದ ಹಸಿರುಮನೆ ಪರಿಣಾಮವನ್ನು ಶತ್ರುವೆಂದು ಬಯ್ಯಬೇಡಿ. ಅದು ನಮ್ಮನ್ನು ಬದುಕಿಸಿರುವ ಹೊದಿಕೆ. ತಕರಾರು ಇರುವುದು ಅದರ ದಪ್ಪದ ಬಗ್ಗೆ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮ ರೈತರು ದೊಣ್ಣೆಮೆಣಸಿನಕಾಯಿ, ಗುಲಾಬಿ ಬೆಳೆಯುವ ಪಾಲಿಹೌಸ್ ನೋಡಿದ್ದೀರಿ. ಅದರೊಳಗೆ ಕಾವು ಉಳಿಯುವುದು ಮುಖ್ಯವಾಗಿ ಬಿಸಿಗಾಳಿ ಮೇಲೆದ್ದು ಹೋಗದಂತೆ ಹಾಳೆ ತಡೆಯುವುದರಿಂದ. ಆಕಾಶದಲ್ಲಿ ಯಾವ ಹಾಳೆಯೂ ಇಲ್ಲ. ಅಲ್ಲಿ ನಡೆಯುವುದು ಶಾಖದ ಕಿರಣಗಳ ತಡೆ. ಹೆಸರು ಅಷ್ಟು ಸರಿಯಿಲ್ಲ, ಆದರೆ ರೂಢಿಯಾಗಿಬಿಟ್ಟಿದೆ.

ಈ ಕೌದಿಯನ್ನು ಹೊಲಿದಿರುವುದು ಯಾವುದರಿಂದ? ಗಾಳಿಯ 99 ಭಾಗ ಸಾರಜನಕ ಮತ್ತು ಆಮ್ಲಜನಕ. ಆಶ್ಚರ್ಯವೆಂದರೆ ಇವೆರಡೂ ಶಾಖದ ಕಿರಣವನ್ನು ತಡೆಯುವುದೇ ಇಲ್ಲ, ಗಾಜಿನಲ್ಲಿ ಬೆಳಕು ಹೋದಂತೆ ಹೋಗಲು ಬಿಡುತ್ತವೆ. ತಡೆಯುವವು ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಮುಂತಾದ ಸಣ್ಣ ಪಾಲುದಾರರು. ಇದನ್ನು ಮೊದಲು ಪ್ರಯೋಗ ಮಾಡಿ ಸೂಚಿಸಿದವರು ಒಬ್ಬ ಹೆಣ್ಣುಮಗಳು ಎಂಬುದನ್ನು ಈ ಸಭೆಯಲ್ಲಿ ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಯೂನಿಸ್ ಫೂಟ್. ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ, ಒಳಗೆ ಥರ್ಮಾಮೀಟರ್ ಇಟ್ಟು, ಬಿಸಿಲಿನಲ್ಲಿ ಕಾಯಿಸಿ ನೋಡಿದರು. ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾಯಿತು, ನೆರಳಿಗೆ ತಂದ ಮೇಲೆ ಆರಲು ಬಹಳ ಹೊತ್ತು ಹಿಡಿಯಿತು. ಗಾಳಿಯಲ್ಲಿ ಈ ಅನಿಲ ಹೆಚ್ಚಿದರೆ ಭೂಮಿ ಬಿಸಿಯಾದೀತು ಎಂದು ಅವರು ಬರೆದರು. 1856ರಲ್ಲಿ ಆಲ್ಬನಿ ನಗರದ ವಿಜ್ಞಾನ ಸಮ್ಮೇಳನದಲ್ಲಿ ಆ ಪ್ರಬಂಧವನ್ನು ಅವರ ಬದಲು ಜೋಸೆಫ್ ಹೆನ್ರಿ ಎಂಬ ವಿಜ್ಞಾನಿ ಓದಿದರು. ನಂತರ ಒಂದೂವರೆ ಶತಮಾನ ಆಕೆಯ ಹೆಸರು ಹೆಚ್ಚುಕಡಿಮೆ ಮರೆತೇಹೋಗಿತ್ತು. ಇದೇ ತಾಯಿ 1848ರಲ್ಲಿ ಸೆನೆಕಾ ಫಾಲ್ಸ್‌ನ ಮಹಿಳಾ ಹಕ್ಕುಗಳ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬರು.

ಮೂರು ವರ್ಷಗಳ ನಂತರ, 1859ರಲ್ಲಿ, ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಇನ್ನೂ ಸೂಕ್ಷ್ಮ ಉಪಕರಣ ಕಟ್ಟಿ, ನೆಲ ಸೂಸುವಂಥ ಶಾಖದ ಕಿರಣವನ್ನೇ ಈ ಅನಿಲಗಳು ಹೀರುತ್ತವೆ ಎಂದು ಅಳೆದು ತೋರಿಸಿದರು. 1896ರಲ್ಲಿ ಸ್ವೀಡನ್ನಿನ ಅರೇನಿಯಸ್ ಕಾಗದ-ಪೆನ್ಸಿಲ್ ಹಿಡಿದು, ಈ ಅನಿಲ ಎರಡು ಪಟ್ಟಾದರೆ ಭೂಮಿ 5ರಿಂದ 6 ಡಿಗ್ರಿ ಕಾಯುತ್ತದೆ ಎಂದು ಲೆಕ್ಕ ಕೊಟ್ಟರು. ಇಂದಿನ ಲೆಕ್ಕ ಸುಮಾರು 3 ಡಿಗ್ರಿ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅಷ್ಟು ಹತ್ತಿರ ಬಂದಿದ್ದು ದೊಡ್ಡದು. ನನಗೆ ಹೆಚ್ಚು ಹತ್ತಿರದವರೆನಿಸುವುದು ಇಂಗ್ಲೆಂಡಿನ ಗೈ ಕ್ಯಾಲೆಂಡರ್. ಅವರು ಹವಾಮಾನ ಇಲಾಖೆಯವರಲ್ಲ, ಉಗಿ ಯಂತ್ರಗಳ ಎಂಜಿನಿಯರ್. ಬಿಡುವಿನ ವೇಳೆಯಲ್ಲಿ ಜಗತ್ತಿನ 147 ಹವಾಮಾನ ಕೇಂದ್ರಗಳ ದಾಖಲೆಗಳನ್ನು ಕೂಡಿಸಿ, ಭೂಮಿ ಆಗಲೇ ಬಿಸಿಯಾಗುತ್ತಿದೆ, ಕಲ್ಲಿದ್ದಲು ಸುಡುವುದು ಅದಕ್ಕೊಂದು ಕಾರಣ ಎಂದು 1938ರಲ್ಲಿ ಪ್ರಕಟಿಸಿದರು. ದೊಡ್ಡ ವಿದ್ವಾಂಸರು ಹೆಚ್ಚು ಕಿವಿಗೊಡಲಿಲ್ಲ. ಈಗ ಕಂಪ್ಯೂಟರ್ ಇಟ್ಟುಕೊಂಡು ನೋಡಿದರೂ ಅವರ ರೇಖೆ ಸರಿಯಾಗಿಯೇ ಇದೆ. ಇದು ನಿನ್ನೆ ಮೊನ್ನೆ ಯಾರೋ ಕಟ್ಟಿದ ಕಥೆ ಎನ್ನುವವರು ಈ ಇಸವಿಗಳನ್ನು ಸ್ವಲ್ಪ ನೋಡಬೇಕು. ಟಿಂಡಾಲ್ ಅಳೆಯುವಾಗ ನಮ್ಮ ದೇಶ ವಿಕ್ಟೋರಿಯಾ ರಾಣಿಯ ಕೈಯಲ್ಲಿತ್ತು. ನಮ್ಮನ್ನು ತಡೆಯಲು ಆಗ ಯಾರಿಗೂ ಕಥೆ ಬೇಕಿರಲಿಲ್ಲ.

ಈಗ 0.04 ಭಾಗದ ಪ್ರಶ್ನೆ. ಒಂದು ಬಕೆಟ್ ನೀರಿಗೆ ನಾಲ್ಕು ಹನಿ ನೀಲಿ ಹಾಕಿದರೆ ನೀರೆಲ್ಲ ನೀಲಿಯಾಗುತ್ತದೆ. ನೀರಿಗೆ ಬಣ್ಣವಿಲ್ಲ, ನೀಲಿಗೆ ಇದೆ. ಆದರೆ ಹೋಲಿಕೆಗಿಂತ ತೂಕ ಮೇಲು, ತೂಗಿಯೇ ನೋಡೋಣ. ನಮ್ಮ ತಲೆಯ ಮೇಲಿನ ಗಾಳಿ ಪ್ರತಿ ಚದರ ಮೀಟರಿಗೆ ಹತ್ತು ಟನ್ನಿಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಅದರಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು ಎಷ್ಟೆಂದು ಗುಣಿಸಿ ಭಾಗಿಸಿದರೆ ಬರುವುದು ಸುಮಾರು 6.6 ಕಿಲೋ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಅದು ಸುಮಾರು 4.4 ಕಿಲೋ ಇತ್ತು. ಅಂದರೆ ನಿಮ್ಮ ಮನೆಯ ಮಾಳಿಗೆ 100 ಚದರ ಮೀಟರ್ ಇದ್ದರೆ, ಅದರ ನೇರ ಮೇಲೆ ಆಕಾಶದವರೆಗೆ ಈ ಅನಿಲ 660 ಕಿಲೋ ಇದೆ. ಅದರಲ್ಲಿ ಎರಡು ಕ್ವಿಂಟಾಲಿಗೂ ಹೆಚ್ಚು ಕಳೆದ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಮನುಷ್ಯ ಏರಿಸಿದ್ದು. ಆರು ಚೀಲ ಇದ್ದ ಜಾಗದಲ್ಲಿ ಒಂಬತ್ತು ಚೀಲ ಎಂದಾಗ ಯಾವ ವ್ಯಾಪಾರಿಯೂ 'ಅಷ್ಟರಿಂದ ಏನಾದೀತು' ಎನ್ನುವುದಿಲ್ಲ.

ಏರಿದ್ದು ನಿಜವೇ, ಏರಿಸಿದ್ದು ನಾವೇ? ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳತೆ ಶುರು ಮಾಡಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇದು 315 ಭಾಗದ ಆಸುಪಾಸು ಇತ್ತು. 2024ರ ಸರಾಸರಿ 424 ದಾಟಿತು. ಹಳೆಯ ಗಾಳಿ ಬೇಕೆಂದರೆ ಅಂಟಾರ್ಕ್ಟಿಕಾದ ಮಂಜಿನೊಳಗೆ ಗುಳ್ಳೆಗಳಾಗಿ ಸಿಕ್ಕಿಕೊಂಡಿದೆ. ಎಂಟು ಲಕ್ಷ ವರ್ಷಗಳ ಆ ದಾಖಲೆಯಲ್ಲಿ ಒಮ್ಮೆಯೂ 300ರ ಮೇಲೆ ಹೋದದ್ದಿಲ್ಲ. ಏರಿಸಿದ್ದು ಯಾರು ಎಂಬುದಕ್ಕೂ ಬೆರಳಚ್ಚು ಇದೆ. ಜೀವಂತ ಗಿಡದಲ್ಲಿರುವ ಇಂಗಾಲದಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಅಂಶ ಸ್ವಲ್ಪ ಇರುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲಿನಲ್ಲಿ ಅದು ಪೂರ್ತಿ ಸವೆದಿರುತ್ತದೆ. ಗಾಳಿಗೆ ಹಳೆಯ ಇಂಗಾಲ ಬೆರೆತು ಆ ಅಂಶ ತೆಳುವಾಗುತ್ತಿರುವುದನ್ನು ಹ್ಯಾನ್ಸ್ ಸೂಸ್ 1950ರ ದಶಕದಲ್ಲೇ ತೋರಿಸಿದರು. ಜೊತೆಗೆ, ಸುಡಲು ಬೇಕಾದಷ್ಟು ಆಮ್ಲಜನಕ ಗಾಳಿಯಲ್ಲಿ ಕಡಿಮೆಯಾಗುತ್ತಿರುವುದೂ ಅಳತೆಯಲ್ಲಿದೆ. ಉಸಿರಾಟಕ್ಕೆ ತೊಂದರೆಯಾಗುವಷ್ಟಲ್ಲ, ಗಾಬರಿ ಬೇಡ.

ಇಲ್ಲಿ ಒಂದು ಗಟ್ಟಿ ಆಕ್ಷೇಪಣೆ ಇತ್ತು. 1900ರಲ್ಲಿ ಸ್ವೀಡನ್ನಿನವರೇ ಆದ ಆಂಗ್‌ಸ್ಟ್ರಾಮ್ ಹೇಳಿದರು: ಈ ಅನಿಲ ಹೀರಬೇಕಾದ ಕಿರಣವನ್ನು ಈಗಾಗಲೇ ಪೂರ್ತಿ ಹೀರಿಯಾಗಿದೆ, ಇನ್ನಷ್ಟು ಸೇರಿಸಿದರೆ ಫಲವಿಲ್ಲ. ಬಾಗಿಲು ಮುಚ್ಚಿದ ಮೇಲೆ ಇನ್ನೊಂದು ಚಿಲಕ ಹಾಕಿದಂತೆ. ಬಹಳ ವರ್ಷ ಈ ಮಾತನ್ನು ಜನ ಒಪ್ಪಿದ್ದರು. ಇದರ ಉತ್ತರ ಸ್ವಲ್ಪ ಸೂಕ್ಷ್ಮ, ದಯವಿಟ್ಟು ಗಮನವಿಟ್ಟು ಕೇಳಿ. ಭೂಮಿಯ ಶಾಖ ಒಂದೇ ನೆಗೆತಕ್ಕೆ ಆಕಾಶ ಸೇರುವುದಿಲ್ಲ. ಒಂದು ಪದರ ಹೀರಿ ಸೂಸುತ್ತದೆ, ಮೇಲಿನದು ಹೀರಿ ಸೂಸುತ್ತದೆ, ಹೀಗೆ ಮೆಟ್ಟಿಲೇರಿ ಹೋಗುತ್ತದೆ. ಗಾಳಿ ಸಾಕಷ್ಟು ತೆಳುವಾದ ಎತ್ತರದಲ್ಲಿ, ಸರಾಸರಿ ಐದು ಕಿಲೋಮೀಟರ್ ಮೇಲೆ, ತಪ್ಪಿಸಿಕೊಂಡು ಹೊರಗೆ ಹೋಗುತ್ತದೆ. ನಾನು ಹೇಳಿದ ಸೊನ್ನೆಗಿಂತ ಕೆಳಗಿನ 18 ಡಿಗ್ರಿ ಇರುವುದು ಅಲ್ಲಿ. ಅಲ್ಲಿಂದ ಕೆಳಗಿಳಿದಂತೆ ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿ ಬಿಸಿ ಹೆಚ್ಚುತ್ತದೆ. ಮುಳ್ಳಯ್ಯನಗಿರಿ ಹತ್ತಿಳಿದವರಿಗೆ ಇದು ಗೊತ್ತು. ಈಗ ಅನಿಲ ಹೆಚ್ಚಾದರೆ ಆ ತಪ್ಪಿಸಿಕೊಳ್ಳುವ ಮಟ್ಟ ಇನ್ನೂ ಮೇಲಕ್ಕೆ ಹೋಗುತ್ತದೆ. ಮೇಲೆ ಚಳಿ ಹೆಚ್ಚು, ಚಳಿಯ ಗಾಳಿ ಕಡಿಮೆ ಶಾಖ ಸೂಸುತ್ತದೆ. ಬರುವುದು 240, ಹೋಗುವುದು ಅದಕ್ಕಿಂತ ಕಡಿಮೆ. ಲೆಕ್ಕ ಸರಿದೂಗುವವರೆಗೆ ಕೆಳಗಿನದೆಲ್ಲ ಕಾಯಲೇಬೇಕು. ಆ ಮಟ್ಟ ಬರೀ 150 ಮೀಟರ್ ಮೇಲೇರಿದರೆ ನೆಲದಲ್ಲಿ ಸುಮಾರು ಒಂದು ಡಿಗ್ರಿ. ಚಿಲಕದ ಹೋಲಿಕೆ ಸೋಲುವುದು ಇಲ್ಲಿ. ಕೌದಿಯ ಮೇಲೆ ಕೌದಿ ಹೊದ್ದರೆ ಬೆಚ್ಚಗಾಗುವುದು ನಿಲ್ಲುವುದಿಲ್ಲ. ಶುಕ್ರಗ್ರಹ ಇದರ ಕೊನೆಯ ಉದಾಹರಣೆ. ದಟ್ಟ ಮೋಡದಿಂದಾಗಿ ಅದು ನಮಗಿಂತ ಕಡಿಮೆ ಬಿಸಿಲನ್ನು ಒಳಗೆ ತೆಗೆದುಕೊಳ್ಳುತ್ತದೆ, ಆದರೂ ನೆಲದಲ್ಲಿ 460 ಡಿಗ್ರಿಗೂ ಹೆಚ್ಚು ಬಿಸಿ.

ಸೂರ್ಯನೇ ಹೆಚ್ಚು ಉರಿಯುತ್ತಿರಬಾರದೇಕೆ ಎನ್ನುವವರಿಗೆ ಒಂದೇ ಮಾತು. ಸೂರ್ಯ ಕಾರಣವಾಗಿದ್ದರೆ ಮೇಲಿಂದ ಕೆಳಗಿನವರೆಗೆ ಗಾಳಿಯೆಲ್ಲ ಬಿಸಿಯಾಗಬೇಕಿತ್ತು. ಅಳತೆ ಹೇಳುವುದು ಬೇರೆ: ಕೆಳಗಿನ ವಾತಾವರಣ ಬಿಸಿಯಾಗುತ್ತಿದೆ, ಮೇಲಿನ ಸ್ತರಗೋಳ ತಣ್ಣಗಾಗುತ್ತಿದೆ. ಜಪಾನಿನಲ್ಲಿ ಹುಟ್ಟಿದ ಮನಬೆ ಅವರು 1967ರಲ್ಲೇ ಹೀಗಾಗುತ್ತದೆಂದು ಲೆಕ್ಕದಿಂದ ಹೇಳಿದ್ದರು. 2021ರ ಭೌತಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಇನ್ನು ನಮ್ಮ ಮಳೆಗೆ ಬರುತ್ತೇನೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ನೀರಾವಿಯೂ ಶಾಖ ತಡೆಯುವ ಅನಿಲವೇ ಆದ್ದರಿಂದ ಮೊದಲ ಕೌದಿ ತಾನೇ ಎರಡನೆಯದನ್ನು ತರುತ್ತದೆ. ಇದರ ಇನ್ನೊಂದು ಮುಖ ನಮಗೆ ಹೆಚ್ಚು ಮುಖ್ಯ. ಹೆಚ್ಚು ಹೊರುವ ಗಾಳಿ ಮಳೆಯಿಲ್ಲದ ದಿನಗಳಲ್ಲಿ ಎರೆಭೂಮಿಯ ಹಸಿಯನ್ನು, ಕೆರೆಯ ನೀರನ್ನು ಹೆಚ್ಚು ಎಳೆದುಕೊಳ್ಳುತ್ತದೆ. ಸುರಿಸುವ ಹೊತ್ತು ಬಂದಾಗ ಒಮ್ಮೆಲೇ ಹೆಚ್ಚು ಸುರಿಸುತ್ತದೆ. ಬರ ಮತ್ತು ನೆರೆ ಎರಡೂ ಹೆಚ್ಚುತ್ತವೆ ಎಂದರೆ ಪರಸ್ಪರ ವಿರುದ್ಧದ ಮಾತು ಎಂದು ಕೆಲವರು ನಗುತ್ತಾರೆ. 2009ನ್ನು ನೆನಪಿಸಿಕೊಳ್ಳಿ. ಇಡೀ ದೇಶಕ್ಕೆ ಅದು ಬರಗಾಲದ ವರ್ಷ. ಸೆಪ್ಟೆಂಬರ್ ಕೊನೆಗೆ, ಇನ್ನೇನು ಮುಂಗಾರು ಮುಗಿಯಿತು ಎನ್ನುವಾಗ, ಉತ್ತರ ಕರ್ನಾಟಕದಲ್ಲಿ ನಾಲ್ಕಾರು ದಿನ ಸುರಿದ ಮಳೆಗೆ ಊರುಗಳೇ ಮುಳುಗಿದವು. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಮತ್ತೆ ನೆರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಪ್ರತಿಯೊಂದು ಪ್ರಸಂಗವನ್ನೂ ಈ ಅನಿಲದ ತಲೆಗೆ ಕಟ್ಟುವುದು ನ್ಯಾಯವಲ್ಲ. ಮೊದಲೂ ಬರ ಬಂದಿವೆ, ಮೊದಲೂ ಹೊಳೆ ಬಂದಿವೆ. ಆದರೆ ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು 1950ರಿಂದ 2015ರೊಳಗೆ ಮೂರು ಪಟ್ಟಾಗಿವೆ ಎಂದು ನಮ್ಮ ದೇಶದ ವಿಜ್ಞಾನಿಗಳು ಮಳೆಮಾಪಕದ ದಾಖಲೆಗಳಿಂದಲೇ ತೋರಿಸಿದ್ದಾರೆ.

ಇಲ್ಲಿ ನನ್ನ ವೃತ್ತಿಯವರ ಕಷ್ಟ ಇದೆ. ಒಂದು ಕೆರೆಯ ಕೋಡಿ ಎಷ್ಟು ಅಗಲವಿರಬೇಕು, ರಸ್ತೆಯಡಿ ಎಷ್ಟು ಪೈಪ್ ಹಾಕಬೇಕು ಎಂದು ನಿರ್ಧರಿಸುವಾಗ ನಾವು ಹಳೆಯ ಮಳೆಯ ದಾಖಲೆ ತೆಗೆದು, 50 ವರ್ಷಕ್ಕೊಮ್ಮೆ ಬರುವ ಮಳೆ, 100 ವರ್ಷಕ್ಕೊಮ್ಮೆ ಬರುವ ಮಳೆ ಎಂದು ಲೆಕ್ಕ ಹಾಕುತ್ತಿದ್ದೆವು. ಈ ಲೆಕ್ಕದ ಬುಡದಲ್ಲಿ ಬರೆಯದೇ ಬಿಟ್ಟ ಒಂದು ಮಾತಿದೆ: ಮುಂದೆ ಬರುವ ಕಾಲ ಹಿಂದೆ ಹೋದ ಕಾಲದಂತೆಯೇ ಇರುತ್ತದೆ. ಕೌದಿ ದಪ್ಪವಾಗುತ್ತಿರುವಾಗ ಆ ಮಾತು ನಿಲ್ಲುವುದಿಲ್ಲ. 50 ವರ್ಷಕ್ಕೊಮ್ಮೆ ಎಂದು ಬರೆದ ಮಳೆ 20 ವರ್ಷಕ್ಕೆ ಬಂದರೆ ಏರಿಗೆ ಅದು ಗೊತ್ತಾಗುತ್ತದೆಯೇ ಹೊರತು ಕಡತಕ್ಕೆ ಗೊತ್ತಾಗುವುದಿಲ್ಲ.

ಹೊಣೆ ಯಾರದು? ಲೆಕ್ಕ ನೇರವಾಗಿದೆ. ಜಗತ್ತಿನಲ್ಲಿ ಕಲ್ಲಿದ್ದಲು, ತೈಲ, ಅನಿಲ ಸುಟ್ಟು ತಲೆಗೆ ವರ್ಷಕ್ಕೆ ಸರಾಸರಿ ನಾಲ್ಕೂ ಮುಕ್ಕಾಲು ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದೇವೆ. ಅಮೆರಿಕದವರು ಸುಮಾರು 14 ಟನ್, ನಾವು ಸುಮಾರು ಎರಡು ಟನ್. ಹೊಲದಲ್ಲಿ ದುಡಿಯುವವನ ಪಾಲು ಅದಕ್ಕಿಂತಲೂ ಕಡಿಮೆ. ಅವನ ದನಗಳ ಮೀಥೇನನ್ನು ಎಣಿಸಿ ಅವನನ್ನೇ ಆರೋಪಿ ಮಾಡುವವರ ಬಗ್ಗೆ ನನಗೆ ಸಹನೆ ಕಡಿಮೆ. ಹಾಗೆಂದು ನಮ್ಮ ಕೈ ತೊಳೆದಂತೆಯೂ ಆಗಲಿಲ್ಲ. ತಲೆ ಎಣಿಸಿದರೆ ನಾವು ಕೆಳಗೆ, ಒಟ್ಟು ಕೂಡಿಸಿದರೆ ಜಗತ್ತಿನಲ್ಲಿ ಮೂರನೆಯವರು. ರಾಯಚೂರಿನ ಶಕ್ತಿನಗರದ ಸ್ಥಾವರದ ಸಾಮರ್ಥ್ಯ 1,720 ಮೆಗಾವ್ಯಾಟ್. ಪೂರ್ಣ ಸಾಮರ್ಥ್ಯದಲ್ಲಿ ಒಂದು ದಿನ ಓಡಿದರೆ ನಾಲ್ಕು ಕೋಟಿ ಯೂನಿಟ್ ಬರುತ್ತದೆ. ಕಲ್ಲಿದ್ದಲಿನಲ್ಲಿ ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕಿಲೋ ಅನಿಲ, ಅಂದರೆ ದಿನಕ್ಕೆ 40 ಸಾವಿರ ಟನ್. ಸುಟ್ಟ ಕಲ್ಲಿದ್ದಲಿಗಿಂತ ಹೊರಬಂದ ಅನಿಲವೇ ಹೆಚ್ಚು ತೂಗುತ್ತದೆ, ಏಕೆಂದರೆ 12 ತೂಕದ ಇಂಗಾಲಕ್ಕೆ 32 ತೂಕದ ಆಮ್ಲಜನಕ ಸೇರಿಕೊಳ್ಳುತ್ತದೆ. ಬೈಕಿಗೆ ಹಾಕಿಸುವ ಒಂದು ಲೀಟರ್ ಪೆಟ್ರೋಲಿನಿಂದ ಎರಡೂ ಕಾಲು ಕಿಲೋ ಬರುವುದೂ ಹೀಗೆಯೇ.

ಕೊನೆಗೆ, ಎಲ್ಲರೂ ಎಡವುವ ಒಂದು ಜಾಗ. 'ಹೊಗೆ ಬಿಡುವುದನ್ನು ಸ್ವಲ್ಪ ಕಡಿಮೆ ಮಾಡಿದರೆ ಬಿಸಿ ಇಳಿಯುತ್ತದಲ್ಲ' ಎಂದು ಕೇಳುತ್ತಾರೆ. ಇಳಿಯುವುದಿಲ್ಲ. ವಾತಾವರಣವನ್ನು ಒಂದು ಕೆರೆ ಎಂದುಕೊಳ್ಳಿ. ನಾವು ಬಿಡುವ ಅನಿಲ ಹಳ್ಳದ ನೀರು. ಸಮುದ್ರ ಮತ್ತು ಕಾಡು ಸೇರಿ ಅದರ ಅರ್ಧದಷ್ಟನ್ನು ತೂಬಿನಿಂದ ಹೊರಗೆ ಒಯ್ಯುತ್ತವೆ. ಉಳಿದದ್ದು ಕೆರೆಯಲ್ಲಿ ಏರುತ್ತದೆ, ಅದರಲ್ಲಿ ಬಹುಪಾಲು ಶತಮಾನಗಳ ಕಾಲ ಉಳಿಯುತ್ತದೆ. ಹಳ್ಳ ಮುಕ್ಕಾಲಿಗೆ ಇಳಿದರೂ ಕೆರೆ ತುಂಬುತ್ತಲೇ ಇರುತ್ತದೆ, ನಿಧಾನವಾಗಿ, ಅಷ್ಟೇ. ಆದ್ದರಿಂದಲೇ ವಿಜ್ಞಾನಿಗಳು ಕಡಿಮೆ ಎನ್ನದೆ ನಿವ್ವಳ ಶೂನ್ಯ ಎನ್ನುವುದು. ಮೀಥೇನ್ ಮಾತ್ರ ಬೇರೆ ಜಾತಿಯದು: ಶಾಖ ಹಿಡಿಯುವುದರಲ್ಲಿ ಜೋರು, ಆದರೆ ಹನ್ನೆರಡು ವರ್ಷದಷ್ಟರಲ್ಲಿ ಕರಗುತ್ತದೆ. 2024 ಕಾರ್ಖಾನೆಗಳ ಯುಗಕ್ಕೆ ಮುಂಚಿನದಕ್ಕಿಂತ ಒಂದೂವರೆ ಡಿಗ್ರಿ ಹೆಚ್ಚು ದಾಟಿದ ಮೊದಲ ವರ್ಷ.

ನಮ್ಮ ರಾಜ್ಯಕ್ಕೆ ಈ ಹಳ್ಳವನ್ನು ಇಳಿಸುವ ದಾರಿ ಗೊತ್ತಿಲ್ಲದೇ ಇಲ್ಲ. ಪಾವಗಡದ ಸೌರ ಪಾರ್ಕ್ 2,050 ಮೆಗಾವ್ಯಾಟಿನದು, ಶಕ್ತಿನಗರಕ್ಕಿಂತ ದೊಡ್ಡದು. ಆದರೆ ಸೌರ ಸ್ಥಾವರ ಹಗಲು ಮಾತ್ರ ಕೊಡುತ್ತದೆ, ರಾತ್ರಿಯ ಮಾತು ಶರಾವತಿಯಂಥ ಜಲವಿದ್ಯುತ್ತಿನ ಕಡೆಗೆ, ಬ್ಯಾಟರಿಯ ಕಡೆಗೆ ಹೋಗುತ್ತದೆ. ಅದು ಇನ್ನೊಂದು ದಿನದ ಉಪನ್ಯಾಸ.

ಈಗಾಗಲೇ ಏರಿದ ನೀರಿಗೆ ನಾವು ಇಲ್ಲೇ ಮಾಡಿಕೊಳ್ಳಬೇಕಾದದ್ದು ಇದೆ. ಮುಂಗಾರಿಗೆ ಮುಂಚೆ ನಿಮ್ಮ ಊರ ಕೆರೆಯ ಕೋಡಿಗೆ ಹೋಗಿ ನೋಡಿ. ಜಾಲಿ ಬೆಳೆದಿದೆಯೇ, ಯಾರಾದರೂ ನೀರು ಹೆಚ್ಚು ನಿಲ್ಲಲೆಂದು ಮರಳುಚೀಲ ಇಟ್ಟು ಎತ್ತರಿಸಿದ್ದಾರೆಯೇ, ಕೋಡಿಯ ಹಳ್ಳವನ್ನು ಒತ್ತಿ ಮನೆ ಕಟ್ಟಿದ್ದಾರೆಯೇ ನೋಡಿ. ಏರಿಯ ಮೇಲೆ ಇಲಿಬಿಲ, ಹೆಗ್ಗಣದ ಬಿಲ ಇದ್ದರೆ ಗುರುತು ಹಾಕಿ. ಇದಕ್ಕೆ ಎಂಜಿನಿಯರ್ ಬೇಕಿಲ್ಲ, ಒಂದು ಬೆಳಗಿನ ನಡಿಗೆ ಸಾಕು. ಕಂಡದ್ದನ್ನು ಬರೆದು ಪಂಚಾಯಿತಿಗೂ ಇಲಾಖೆಗೂ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಈ ಸಭೆಯಲ್ಲಿರುವ ಊರುಗಳವರು ಹಾಗೆ ಬರೆದುಕೊಂಡು ಬಂದರೆ ಮುಂದಿನ ಗೋಷ್ಠಿಯ ದಿನ ಒಂದು ಗಂಟೆ ಮೊದಲೇ ಬಂದು ಕುಳಿತು ನಾನು ನೋಡಿಕೊಡುತ್ತೇನೆ.

ಈಗ ಪ್ರಶ್ನೆಗಳಿದ್ದರೆ ಕೇಳಿ.